ಒಂದೇ ಮೈದಾನ, ಇಬ್ಬರಿಗೆ ಎರಡು ಅಳತೆ
ಗಾಲ್ಫ್ ಹ್ಯಾಂಡಿಕ್ಯಾಪಿನ ಲೆಕ್ಕಾಚಾರದ ಬಗ್ಗೆ ಒಂದಿಷ್ಟು ವಿಚಾರ

ಕಾಫಿ ಕೊಯ್ಲು ಮುಗಿದು, ಅಡಿಕೆ ಸುಲಿತವೂ ಒಂದು ಹಂತಕ್ಕೆ ಬಂದು, ಹೂಮಳೆಗಾಗಿ ಆಕಾಶ ನೋಡುತ್ತ ಕೂರುವ ದಿನಗಳಲ್ಲಿ ನಮ್ಮ ಸದಸ್ಯರಲ್ಲಿ ಕೆಲವರು ಗಾಲ್ಫ್ ಕೋಲುಗಳ ಚೀಲವನ್ನು ಅಟ್ಟದಿಂದ ಇಳಿಸುವುದು ವಾಡಿಕೆ. ಮಡಿಕೇರಿಯಲ್ಲಿ, ವಿರಾಜಪೇಟೆ ಬಳಿಯ ಬಿಟ್ಟಂಗಾಲದಲ್ಲಿ, ಚಿಕ್ಕಮಗಳೂರಿನಲ್ಲಿ ಗಾಲ್ಫ್ ಮೈದಾನಗಳಿರುವುದು ಎಲ್ಲರಿಗೂ ತಿಳಿದದ್ದೇ. ಒಂದು ಊರಿನವರು ಇನ್ನೊಂದು ಊರಿಗೆ ಹೋಗಿ ಆಡುತ್ತಾರೆ. ಸಂಜೆ ಕಪ್ ಹಂಚುತ್ತಾರೆ. ಕಪ್ ಹಂಚಿದ ಮೇಲೆ ಹಿಂದಿನ ಸಾಲಿನಿಂದ ಒಂದು ಪಿಸುಮಾತು ಕೇಳಿಬರುವುದೂ ವಾಡಿಕೆಯೇ. "ಆ ಮಹಾರಾಯರ ಹ್ಯಾಂಡಿಕ್ಯಾಪ್ 25 ಅಂತೆ! ಆಟ ನೋಡಿದರೆ 17ರವರ ಹಾಗಿತ್ತು. ಮನೆಯಲ್ಲಿ ಬೇಕೆಂದೇ ಕೆಟ್ಟದಾಗಿ ಆಡಿ ಅಂಕ ಏರಿಸಿಕೊಂಡು ಬಂದಿದ್ದಾರೆ."

ಹಾಗೆ ಮಾಡುವವರು ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಇಂಥ ಆಪಾದನೆಗೆ ಗುರಿಯಾದವರಲ್ಲಿ ಬಹಳಷ್ಟು ಮಂದಿ ಪ್ರಾಮಾಣಿಕರೇ ಆಗಿರುತ್ತಾರೆಂದೂ, ತಪ್ಪು ಇರುವುದು ಅಳತೆಗೋಲಿನಲ್ಲೆಂದೂ ನಮ್ಮ ಅಭಿಪ್ರಾಯ. ಆ ಅಳತೆಗೋಲನ್ನು ಸರಿಪಡಿಸಲು ಬಲ್ಲವರಿಗೇ ದಶಕಗಳು ಹಿಡಿದವು. ಆಟವಾಡದ ಸದಸ್ಯರಿಗೂ ಈ ಕಥೆಯಲ್ಲಿ ರುಚಿ ಇದ್ದೀತೆಂದು ನಂಬಿ ಇಲ್ಲಿ ಬರೆಯುತ್ತಿದ್ದೇವೆ.

ಹ್ಯಾಂಡಿಕ್ಯಾಪ್ ಎಂಬ ಮಾತು ಹುಟ್ಟಿದ್ದು ಗಾಲ್ಫಿನಲ್ಲಿ ಅಲ್ಲ. ಹಿಂದೆ ಇಂಗ್ಲೆಂಡಿನಲ್ಲಿ ಇಬ್ಬರು ತಮ್ಮ ವಸ್ತುಗಳನ್ನು ಅದಲುಬದಲು ಮಾಡಿಕೊಳ್ಳುವಾಗ ಮಧ್ಯಸ್ಥನೊಬ್ಬ ಯಾವುದರ ಬೆಲೆ ಹೆಚ್ಚು, ಮೇಲೆ ಎಷ್ಟು ದುಡ್ಡು ಕೊಡಬೇಕು ಎಂದು ಹೇಳುತ್ತಿದ್ದ. ಇಬ್ಬರೂ ಟೊಪ್ಪಿಯೊಳಗೆ ಕೈ ಹಾಕಿ, ಕೈ ತೆಗೆಯುವ ರೀತಿಯಲ್ಲೇ ಒಪ್ಪಿಗೆ ಉಂಟೋ ಇಲ್ಲವೋ ಎಂದು ತಿಳಿಸುತ್ತಿದ್ದರು. ಟೊಪ್ಪಿಯೊಳಗಿನ ಕೈ ಎಂಬುದೇ ಹ್ಯಾಂಡಿಕ್ಯಾಪ್ ಆಯಿತು. ನಮ್ಮ ದನಗಳ ಜಾತ್ರೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವುದನ್ನು ಕಂಡವರಿಗೆ ಇದು ಹೊಸದೆನಿಸದು. ಅಲ್ಲಿಂದ ಈ ಮಾತು ಕುದುರೆ ಜೂಜಿಗೆ ಹೋಗಿ, ಆಮೇಲೆ ಗಾಲ್ಫಿಗೆ ಬಂತು. ಅರ್ಥ ಮಾತ್ರ ಅದೇ ಉಳಿಯಿತು: ಸಮವಲ್ಲದ ಇಬ್ಬರ ನಡುವೆ ವ್ಯವಹಾರ ಸಮನಾಗಬೇಕಾದರೆ ಮೇಲೆ ಎಷ್ಟು ಕೊಡಬೇಕು?

ಗಾಲ್ಫಿನಲ್ಲಿ ಹಾಗೆ ಕೊಡುವುದು ಹೊಡೆತಗಳನ್ನು. ಹದಿನೆಂಟು ಕುಳಿಗಳ ಮೈದಾನವನ್ನು ಒಬ್ಬರು 75 ಹೊಡೆತಗಳಲ್ಲಿ ಮುಗಿಸುತ್ತಾರೆ, ಇನ್ನೊಬ್ಬರಿಗೆ 95 ಬೇಕು. ಎರಡನೆಯವರಿಗೆ 20 ಹೊಡೆತ ಮಾಫಿ ಕೊಟ್ಟರೆ ಇಬ್ಬರೂ ಒಟ್ಟಿಗೆ ಆಡಬಹುದು, ಯಾರು ಗೆದ್ದಾರೆಂದು ಮೊದಲೇ ಹೇಳಲಾಗದು. ಟೆನಿಸ್ಸಿನಲ್ಲಾಗಲಿ ಷಟ್ಲಿನಲ್ಲಾಗಲಿ ಇಂಥ ಅನುಕೂಲ ಸಾಮಾನ್ಯವಾಗಿ ಇಲ್ಲ. ಎಪ್ಪತ್ತರ ಅಜ್ಜ ಇಪ್ಪತ್ತರ ಮೊಮ್ಮಗನೊಡನೆ ನಿಜವಾದ ಪಂದ್ಯ ಆಡಬಹುದಾದ ಆಟ ಇದು.

ತೊಡಕು ಬರುವುದು ಮೈದಾನ ಬದಲಾದಾಗ.

ಗುಡ್ಡದ ಮೈದಾನವೂ ಬಯಲಿನ ಮೈದಾನವೂ ಒಂದೇ ಅಲ್ಲ ಎಂಬುದು ಹಿಂದಿನವರಿಗೂ ಗೊತ್ತಿತ್ತು. 1893ರಲ್ಲಿ ಬ್ರಿಟನ್ನಿನ ಮಹಿಳೆಯರು ಲೇಡೀಸ್ ಗಾಲ್ಫ್ ಯೂನಿಯನ್ ಕಟ್ಟಿದರು. ಅದರ ಮೊದಲ ಕಾರ್ಯದರ್ಶಿ ಇಸೆಟ್ ಪಿಯರ್ಸನ್ ಮತ್ತು ಅವರ ಜೊತೆಯವರು ಎಲ್ಲ ಕ್ಲಬ್ಬುಗಳಿಗೂ ಹೊಂದುವ ಒಂದು ಹ್ಯಾಂಡಿಕ್ಯಾಪ್ ಪದ್ಧತಿಗಾಗಿ ಮೈದಾನಗಳನ್ನು ಒಂದೇ ಬಗೆಯಲ್ಲಿ ತೂಗಿನೋಡಲು ಹೊರಟರು. ಗಂಡಸರು ತಂತಮ್ಮ ಕ್ಲಬ್ಬಿನ ಲೆಕ್ಕವನ್ನೇ ಹಿಡಿದು ಜಗಳವಾಡುತ್ತಿದ್ದ ಕಾಲ ಅದು. ಮುಂದೆ ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ಪ್ರತಿ ಮೈದಾನಕ್ಕೂ ಒಂದು ಅಂಕೆ ಗೊತ್ತುಮಾಡುವ ಪದ್ಧತಿ ಬಂತು. ಅತ್ಯಂತ ನುರಿತ ಆಟಗಾರ, ಅಂದರೆ ಹ್ಯಾಂಡಿಕ್ಯಾಪ್ ಸೊನ್ನೆ ಇರುವ 'ಸ್ಕ್ರಾಚ್' ಆಟಗಾರ, ಆ ಮೈದಾನದಲ್ಲಿ ಚೆನ್ನಾಗಿ ಆಡಿದ ದಿನ ಎಷ್ಟು ಹೊಡೆತ ತೆಗೆದುಕೊಂಡಾನು ಎಂಬುದೇ ಆ ಅಂಕೆ. ಈಗ ಅದಕ್ಕೆ ಕೋರ್ಸ್ ರೇಟಿಂಗ್ ಎನ್ನುತ್ತಾರೆ. ಪಾರ್ 72 ಇರುವ ಮೈದಾನದ ರೇಟಿಂಗ್ 70.4 ಇರಬಹುದು, 74.1 ಇರಬಹುದು.

ಇಷ್ಟಾದರೆ ಸಾಕು ಎಂದು ಬಹಳ ಕಾಲ ಎಲ್ಲರೂ ತಿಳಿದಿದ್ದರು. ಸಾಕಾಗಲಿಲ್ಲ. ಯಾಕೆಂಬುದೇ ಈ ಲೇಖನದ ತಿರುಳು.

ಕೊನೆಗಾರರ ಲೆಕ್ಕ

ನಮ್ಮವರಿಗೆ ತಿಳಿಯುವ ಹಾಗೆ ಹೇಳುವುದಾದರೆ ಅಡಿಕೆ ತೋಟಕ್ಕೇ ಹೋಗಬೇಕು. ಗಿಡ್ಡ ಮರಗಳ, ಸಮತಟ್ಟಾದ ಹೊಸ ತೋಟ. ಅಲ್ಲಿ ನುರಿತ ಕೊನೆಗಾರನನ್ನೂ ಈ ವರ್ಷ ಮರ ಹತ್ತಲು ಕಲಿತ ಹುಡುಗನನ್ನೂ ಬಿಟ್ಟರೆ ಸಂಜೆಯ ಹೊತ್ತಿಗೆ ಇಬ್ಬರು ಇಳಿಸಿದ ಕೊನೆಗಳಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ, ಆದರೆ ಹೇಳಿಕೊಳ್ಳುವಷ್ಟೇನಲ್ಲ. ಅವರಿಬ್ಬರನ್ನೇ ಅಜ್ಜನ ಕಾಲದ ಎತ್ತರದ ಮರಗಳ ತೋಟಕ್ಕೆ, ಗಾಳಿಯ ದಿನ, ಕಾಂಡದ ಮೇಲೆ ಪಾಚಿ ಇರುವಾಗ ಕಳಿಸಿ ನೋಡಿ. ನುರಿತವನ ಕೆಲಸ ಸ್ವಲ್ಪ ನಿಧಾನವಾದೀತು. ಅವನು ಆಗಲೂ ಮರದಿಂದ ಮರಕ್ಕೆ ಬಾಗಿ ದಾಟುತ್ತಲೇ ಇರುತ್ತಾನೆ. ಹುಡುಗ ಮಾತ್ರ ಪ್ರತಿ ಮರಕ್ಕೂ ಇಳಿದು ಹತ್ತಿ, ಅರ್ಧದಲ್ಲಿ ನಿಂತು, ಮಧ್ಯಾಹ್ನಕ್ಕೇ ಸೋತುಹೋಗುತ್ತಾನೆ. ತೋಟ ಇಬ್ಬರಿಗೂ ಕಷ್ಟವಾಯಿತು ನಿಜ, ಆದರೆ ಒಂದೇ ಪ್ರಮಾಣದಲ್ಲಿ ಅಲ್ಲ. ನುರಿತವನನ್ನು ಮಾತ್ರ ಕೇಳಿ ತೋಟದ ಕಷ್ಟ ಅಳೆದವರು ಹುಡುಗನ ಕೂಲಿಯ ಲೆಕ್ಕದಲ್ಲಿ ತಪ್ಪಿಬೀಳುತ್ತಾರೆ.

ಗಾಲ್ಫಿನಲ್ಲಿ ಆದದ್ದೂ ಇದೇ. ರೇಟಿಂಗ್ ಮಾಡುವವರು ಇಟ್ಟುಕೊಂಡಿರುವ ಮಾದರಿಯಲ್ಲಿ ಸ್ಕ್ರಾಚ್ ಗಂಡಸು ಮೊದಲ ಹೊಡೆತಕ್ಕೆ 250 ಗಜ ಕಳಿಸುತ್ತಾನೆ, ಎರಡು ಹೊಡೆತಗಳಲ್ಲಿ 470 ಗಜ ಮುಟ್ಟುತ್ತಾನೆ. ಹ್ಯಾಂಡಿಕ್ಯಾಪ್ 20ರ ಸುಮಾರಿನ ಸಾಧಾರಣ ಆಟಗಾರನಿಗೆ 'ಬೋಗಿ' ಆಟಗಾರ ಎಂದು ಹೆಸರು. ಅವನ ಮೊದಲ ಹೊಡೆತ 200 ಗಜ, ಎರಡರಲ್ಲಿ 370. ಈಗ 440 ಗಜದ ಒಂದು ಕುಳಿ ತೆಗೆದುಕೊಳ್ಳಿ. ಮೊದಲನೆಯವನು ಎರಡರಲ್ಲಿ ಗ್ರೀನ್ ಮೇಲೆ ನಿಂತಿರುತ್ತಾನೆ, ಎರಡನೆಯವನಿಗೆ ಮೂರು ಬೇಕೇ ಬೇಕು. 200 ಗಜದಲ್ಲಿ ಒಂದು ಮರಳಿನ ಬಂಕರ್ ಇದ್ದರೆ ಮೊದಲನೆಯವನ ಚೆಂಡು ಅದರ ಮೇಲೆಯೇ ಹಾರಿಹೋಗುತ್ತದೆ, ಎರಡನೆಯವನದು ಅದರೊಳಗೇ ಬೀಳುತ್ತದೆ. ಎರಡೂ ಬದಿ ಮರಗಳು ಒತ್ತಾಗಿದ್ದರೆ ಕೈ ಸ್ಥಿರವಿಲ್ಲದವನ ಚೆಂಡೇ ಅವುಗಳ ನಡುವೆ ಹೆಚ್ಚು ಹೋಗುತ್ತದೆ. ಅಪರೂಪಕ್ಕೆ ಇದರ ತಿರುಗುಮುರುಗೂ ಉಂಟು. 250 ಗಜದಲ್ಲಿರುವ ಬಂಕರ್ ನುರಿತವನನ್ನು ಕಾಡುತ್ತದೆ. ಸಾಧಾರಣದವನಿಗೆ ಅಲ್ಲಿಯವರೆಗೆ ಹೊಡೆಯುವ ಯೋಗವೇ ಇಲ್ಲದ್ದರಿಂದ ಅವನು ಕ್ಷೇಮ.

ಇದನ್ನು ಲೆಕ್ಕಕ್ಕೆ ತಂದವರಲ್ಲಿ ಮುಖ್ಯರು ಡೀನ್ ನುತ್ ಎಂಬ ಅಮೆರಿಕದ ನೌಕಾಪಡೆಯ ಅಧಿಕಾರಿ. ಕ್ಯಾಲಿಫೋರ್ನಿಯದ ನೌಕಾಪಡೆಯ ಉನ್ನತ ವ್ಯಾಸಂಗ ಶಾಲೆಯಲ್ಲಿ ಓದುತ್ತಿದ್ದಾಗ, 1970ರ ದಶಕದಲ್ಲಿ, ಅವರು ಈ ಸಮಸ್ಯೆ ಹಿಡಿದರು. ಮೈದಾನಕ್ಕೆ ಒಂದು ಅಂಕೆ ಸಾಲದು, ಎರಡು ಬೇಕು. ಸ್ಕ್ರಾಚ್ ಆಟಗಾರನಿಗೆ ಎಷ್ಟು, ಬೋಗಿ ಆಟಗಾರನಿಗೆ ಎಷ್ಟು ಎಂದು ಬೇರೆ ಬೇರೆ ಅಳೆಯಬೇಕು ಎಂಬುದು ಅವರ ವಾದ. ಎರಡರ ನಡುವಿನ ಅಂತರ ಹೇಗೆ ಏರುತ್ತದೆಂಬುದನ್ನು ನಕ್ಷೆಯಲ್ಲಿ ಗೆರೆ ಎಳೆದು ನೋಡಿದರೆ, ಕಷ್ಟದ ಮೈದಾನದ ಗೆರೆ ಕಡಿದಾಗಿಯೂ ಸುಲಭದ ಮೈದಾನದ ಗೆರೆ ಇಳಿಜಾರಾಗಿಯೂ ಇರುತ್ತದೆ. ಆ ಗೆರೆಯ ಏರಿಗೇ 'ಸ್ಲೋಪ್' ಎಂದು ಹೆಸರಾಯಿತು. ಮೈದಾನದ ನೆಲದ ಏರಿಳಿತಕ್ಕೂ ಈ ಹೆಸರಿಗೂ ಸಂಬಂಧವಿಲ್ಲ ಎಂಬುದನ್ನು ನಮ್ಮ ಗುಡ್ಡಗಾಡಿನ ಸದಸ್ಯರು ದಯವಿಟ್ಟು ಗಮನಿಸಬೇಕು. 1980ರ ದಶಕದ ಆರಂಭದಲ್ಲಿ ಕೊಲೊರಾಡೊ ರಾಜ್ಯದಲ್ಲಿ ಇದನ್ನು ಮೊದಲು ಪರೀಕ್ಷಿಸಿ, 1987ರ ಹೊತ್ತಿಗೆ ಯುನೈಟೆಡ್ ಸ್ಟೇಟ್ಸ್ ಗಾಲ್ಫ್ ಅಸೋಸಿಯೇಷನ್ ದೇಶದ ಮಟ್ಟದಲ್ಲಿ ಜಾರಿಗೆ ತಂದಿತು. ನುತ್ ಅವರಿಗೆ ಗಾಲ್ಫ್ ಲೋಕದಲ್ಲಿ 'ಸ್ಲೋಪಿನ ಪೋಪ್' ಎಂಬ ಅಡ್ಡಹೆಸರು ಅಂಟಿಕೊಂಡಿತು.

ಅಂಕೆಗಳಲ್ಲಿ ನೋಡೋಣ

ಲೆಕ್ಕ ಕಷ್ಟದ್ದಲ್ಲ, ತಾಳ್ಮೆ ಬೇಕು ಅಷ್ಟೆ. ಬೋಗಿ ರೇಟಿಂಗಿನಿಂದ ಕೋರ್ಸ್ ರೇಟಿಂಗನ್ನು ಕಳೆದು, ಉಳಿದದ್ದನ್ನು ಗಂಡಸರಿಗೆ 5.381ರಿಂದಲೂ ಹೆಂಗಸರಿಗೆ 4.24ರಿಂದಲೂ ಗುಣಿಸಿದರೆ ಸ್ಲೋಪ್ ಅಂಕೆ ಸಿಗುತ್ತದೆ. ಅದು 55ರಿಂದ 155ರೊಳಗೆ ಇರಬೇಕು. ನಡುಮಟ್ಟದ ಮೈದಾನಕ್ಕೆ 113 ಎಂದು ಗೊತ್ತುಮಾಡಿದ್ದಾರೆ.

ಮೂರು ಮೈದಾನಗಳಿವೆ ಎಂದು ಭಾವಿಸೋಣ. ಮೂರರಲ್ಲೂ ಪಾರ್ 71, ಸ್ಕ್ರಾಚ್ ಆಟಗಾರನ ರೇಟಿಂಗೂ 71.0. ಅಂದರೆ ನುರಿತವನನ್ನು ಕೇಳಿದರೆ ಮೂರೂ ಒಂದೇ. ಆದರೆ ಸಾಧಾರಣ ಆಟಗಾರನಿಗೆ ಮೊದಲನೆಯದರಲ್ಲಿ 88.7, ಎರಡನೆಯದರಲ್ಲಿ 92.0, ಮೂರನೆಯದರಲ್ಲಿ 97.0 ಹೊಡೆತ ಬೇಕು. ಗುಣಿಸಿ ನೋಡಿ: ಸ್ಲೋಪ್ ಕ್ರಮವಾಗಿ 95, 113, 140.

ಇಂದಿನ ಪದ್ಧತಿಯಲ್ಲಿ ಆಟಗಾರನ ಜೊತೆ ಊರೂರಿಗೆ ಹೋಗುವುದು 'ಹ್ಯಾಂಡಿಕ್ಯಾಪ್ ಇಂಡೆಕ್ಸ್' ಎಂಬ ದಶಾಂಶ ಅಂಕೆ. ಯಾವ ಮೈದಾನಕ್ಕೆ ಹೋದರೂ ಇಂಡೆಕ್ಸನ್ನು ಅಲ್ಲಿನ ಸ್ಲೋಪಿನಿಂದ ಗುಣಿಸಿ 113ರಿಂದ ಭಾಗಿಸಬೇಕು. ಅದಕ್ಕೆ ಕೋರ್ಸ್ ರೇಟಿಂಗಿಗೂ ಪಾರಿಗೂ ಇರುವ ವ್ಯತ್ಯಾಸ ಸೇರಿಸಿದರೆ ಆ ಮೈದಾನದಲ್ಲಿ ಅವನಿಗೆ ಸಲ್ಲುವ ಹೊಡೆತಗಳು ಬರುತ್ತವೆ. ನಮ್ಮ ಉದಾಹರಣೆಯಲ್ಲಿ ಆ ವ್ಯತ್ಯಾಸ ಸೊನ್ನೆ. ಇಂಡೆಕ್ಸ್ 4.0 ಇರುವವನಿಗೆ ಮೂರು ಮೈದಾನಗಳಲ್ಲಿ ಸಿಗುವುದು 3, 4, 5. ಇಂಡೆಕ್ಸ್ 20.0 ಇರುವವನಿಗೆ 17, 20, 25. ನುರಿತವನಿಗೆ ಅತಿ ಸುಲಭದ ಮೈದಾನದಿಂದ ಅತಿ ಕಷ್ಟದ್ದಕ್ಕೆ ಹೋದರೂ ಎರಡು ಹೊಡೆತದ ವ್ಯತ್ಯಾಸ, ಸಾಧಾರಣದವನಿಗೆ ಎಂಟು.

ಈಗ ಆ ಪಿಸುಮಾತಿಗೆ ಹಿಂತಿರುಗಬಹುದು. ಸ್ಲೋಪ್ ಇಲ್ಲದ ಕಾಲದಲ್ಲಿ, ಅಥವಾ ಇಂದಿಗೂ ಸ್ಲೋಪ್ ಬಳಸದೆ ಮನೆಯ ಅಂಕೆಯನ್ನೇ ಹಿಡಿದು ನಡೆಸುವ ಪಂದ್ಯದಲ್ಲಿ, ಇಂಡೆಕ್ಸ್ 20 ಇರುವ ಇಬ್ಬರು ಗೆಳೆಯರನ್ನು ಊಹಿಸಿಕೊಳ್ಳಿ. ಆಟದಲ್ಲಿ ಇಬ್ಬರೂ ಸರಿಸಮ. ಒಬ್ಬರ ಕ್ಲಬ್ಬಿನ ಮೈದಾನ ಬಯಲು, ಅಗಲ, ಮರ ಕಡಿಮೆ. ಅಲ್ಲಿ ಆಡಿ ಆಡಿ ಅವರ ಹ್ಯಾಂಡಿಕ್ಯಾಪ್ 17 ಎಂದು ಚೀಟಿಯಲ್ಲಿ ಬರೆದಿದೆ. ಇನ್ನೊಬ್ಬರದು ಹಳ್ಳ, ದಿಣ್ಣೆ, ಸಿಲ್ವರ್ ಮರಗಳ ನಡುವಿನ ಮೈದಾನ. ಅವರ ಚೀಟಿಯಲ್ಲಿ 25. ಇಬ್ಬರೂ ಒಂದೇ ಒಂದು ಸುಳ್ಳು ಬರೆದಿಲ್ಲ. ಆದರೂ ಅವರು ಯಾವ ಮೈದಾನದಲ್ಲೇ ಭೇಟಿಯಾಗಲಿ, ಗುಡ್ಡದವರಿಗೆ ಬಯಲಿನವರಿಗಿಂತ ಎಂಟು ಹೊಡೆತ ಪುಕ್ಕಟೆ. ಕಪ್ ಯಾರ ಮನೆಗೆ ಹೋಗುತ್ತದೆಂದು ಹೇಳಲು ಪಂಚಾಂಗ ಬೇಕಿಲ್ಲ. ಗೆದ್ದವರಿಗೆ ಮೋಸಗಾರನೆಂಬ ಹೆಸರು, ಸೋತವರಿಗೆ ಊರು ಬಿಟ್ಟರೆ ಆಡಲಾರದವನೆಂಬ ಹೆಸರು. ಎರಡೂ ಸುಳ್ಳು. ಇಂಥ ಹೆಸರು ಹೊತ್ತು ಆಟವನ್ನೇ ಬಿಟ್ಟವರನ್ನು ನಾವು ಬಲ್ಲೆವು. ಇಂಡೆಕ್ಸ್ 4ರ ಇಬ್ಬರು ಹೀಗೆ ಎದುರಾದರೆ ಅಂತರ ಎರಡೇ ಹೊಡೆತವಾದ್ದರಿಂದ ಯಾರೂ ಸೊಲ್ಲೆತ್ತುವುದಿಲ್ಲ. ಕ್ಲಬ್ಬಿನ ಸಮಿತಿಗಳಲ್ಲಿ ಕೂರುವವರು ಸಾಮಾನ್ಯವಾಗಿ ಚೆನ್ನಾಗಿ ಆಡುವವರೇ. ಈ ದೋಷ ಅಷ್ಟು ಕಾಲ ಯಾರ ಕಣ್ಣಿಗೂ ಬೀಳದಿದ್ದುದಕ್ಕೆ ಅದೂ ಒಂದು ಕಾರಣವಿರಬಹುದೆಂದು ನಮ್ಮ ಗುಮಾನಿ.

ಅಂಕ ದಾಖಲಿಸುವಾಗಲೂ ಸ್ಲೋಪ್ ಕೆಲಸ ಮಾಡುತ್ತದೆ. ಅದೇ ಮೈದಾನಗಳಲ್ಲಿ ಒಬ್ಬರು 95 ಹೊಡೆದರೆನ್ನಿ. ರೇಟಿಂಗ್ 71 ಕಳೆದರೆ 24. ಅದನ್ನು 113ರಿಂದ ಗುಣಿಸಿ ಸ್ಲೋಪಿನಿಂದ ಭಾಗಿಸಿದರೆ, ಸ್ಲೋಪ್ 140ರ ಮೈದಾನದಲ್ಲಿ ಅದರ ಬೆಲೆ 19.4, ಸ್ಲೋಪ್ 95ರಲ್ಲಿ 28.5. ಹೊಡೆತಗಳು ಅಷ್ಟೇ, ಯೋಗ್ಯತೆ ಬೇರೆ. ಇಂಥ ಕೊನೆಯ 20 ಅಂಕಗಳಲ್ಲಿ ಅತ್ಯುತ್ತಮ 8ರ ಸರಾಸರಿಯೇ ಇಂಡೆಕ್ಸ್. ಆದ್ದರಿಂದ ಹ್ಯಾಂಡಿಕ್ಯಾಪ್ ಎಂದರೆ ದಿನನಿತ್ಯದ ಸರಾಸರಿಯಲ್ಲ, ಒಳ್ಳೆಯ ದಿನದ ಆಟ. ನಾಲ್ಕೈದು ಸಲದಲ್ಲಿ ಒಮ್ಮೆ ಅದನ್ನು ಮುಟ್ಟಿದರೆ ಸರಿಯಾಗಿದೆಯೆಂದು ಅರ್ಥ. ಪ್ರತಿ ಭಾನುವಾರವೂ ತನ್ನ ಹ್ಯಾಂಡಿಕ್ಯಾಪಿಗಿಂತ ಕೆಟ್ಟದಾಗಿ ಆಡುತ್ತೇನೆಂದು ಕೊರಗುವವರು ಸಮಾಧಾನ ತಂದುಕೊಳ್ಳಬಹುದು.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ಹೇಳಿಬಿಡಬೇಕು. ಸ್ಲೋಪ್ ಹೆಚ್ಚಿದ್ದರೆ ಮೈದಾನ ಎಲ್ಲರಿಗೂ ಹೆಚ್ಚು ಕಷ್ಟ ಎಂದು ಕ್ಲಬ್ಬುಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಹಾಗಲ್ಲ. ರೇಟಿಂಗ್ 74, ಸ್ಲೋಪ್ 120 ಇರುವ ಮೈದಾನದಲ್ಲಿ ಬೋಗಿ ಆಟಗಾರನಿಗೆ ಸುಮಾರು 96.3 ಹೊಡೆತ ಬೇಕು. ರೇಟಿಂಗ್ 70, ಸ್ಲೋಪ್ 135 ಇರುವಲ್ಲಿ 95.1. ಸ್ಲೋಪ್ ಕಡಿಮೆಯಿರುವ ಮೊದಲನೆಯದೇ ಇಬ್ಬರಿಗೂ ಕಷ್ಟದ್ದು. ಸ್ಲೋಪ್ ಹೇಳುವುದು ಇಬ್ಬರ ನಡುವಿನ ಅಂತರವನ್ನು ಮಾತ್ರ. ಎರಡು ಅಂಕೆಗಳನ್ನೂ ಒಟ್ಟಿಗೆ ಓದಬೇಕು.

ಅಳೆಯುವವರ ಕೆಲಸ

ಈ ಅಂಕೆಗಳು ಆಫೀಸಿನಲ್ಲಿ ಕೂತು ಬರೆದವಲ್ಲ. ತರಬೇತಿ ಪಡೆದ ತಂಡ ಬಂದು ಮೈದಾನವನ್ನೆಲ್ಲ ನಡೆದು ನೋಡುತ್ತದೆ. ಉದ್ದವೇ ಮುಖ್ಯ, ಆದರೆ ಚೆಂಡು ಬಿದ್ದ ಮೇಲೆ ಎಷ್ಟು ಉರುಳುತ್ತದೆ, ಗ್ರೀನ್ ಮೇಲಿದೆಯೋ ಕೆಳಗಿದೆಯೋ, ಗಾಳಿ ಹೇಗೆ, ದಾರಿ ತಿರುವಿಕೊಂಡಿದೆಯೋ ಎಂಬುದನ್ನೆಲ್ಲ ನೋಡಿ ಆ ಉದ್ದವನ್ನು ತಿದ್ದುತ್ತಾರೆ. 2,000 ಅಡಿಗಿಂತ ಎತ್ತರದ ಜಾಗವಾದರೆ ತೆಳು ಗಾಳಿಯಲ್ಲಿ ಚೆಂಡು ಹೆಚ್ಚು ದೂರ ಹೋಗುವುದಕ್ಕೂ ಲೆಕ್ಕವುಂಟು. 3,500 ಅಡಿಗೂ ಮೇಲಿರುವ ಮಡಿಕೇರಿಯಂಥ ಊರಿಗೆ ಇದು ಬೇಕಾದ ಮಾತು. ಅನಂತರ ಅಡೆತಡೆಗಳು: ಬಂಕರ್, ನೀರು, ಮರ, ಉದ್ದ ಹುಲ್ಲು, ಗ್ರೀನಿನ ಗಾತ್ರ ಮತ್ತು ಜಾರು. ಪ್ರತಿಯೊಂದನ್ನೂ ಎರಡು ಸಲ, ನುರಿತವನ ಚೆಂಡು ಬೀಳುವ ಜಾಗದಿಂದ ಒಮ್ಮೆ, ಸಾಧಾರಣದವನ ಚೆಂಡು ಬೀಳುವ ಜಾಗದಿಂದ ಒಮ್ಮೆ ತೂಗುತ್ತಾರೆ. ಪಟ್ಟಿಯಲ್ಲಿ ಮನಸ್ಸಿನ ಅಳುಕಿಗೂ ಒಂದು ಕಾಲಂ ಇದೆ ಎಂದರೆ ಓದುಗರು ನಗಬಾರದು. ಎದುರಿಗೆ ಕೆರೆ ಕಂಡ ಕೂಡಲೇ ಕೈ ನಡುಗುವುದು ಕೆರೆಯ ಗುಣವೇ ತಾನೆ?

ಹೆಂಗಸರಿಗೆ ಬೇರೆಯೇ ರೇಟಿಂಗ್ ಆಗಬೇಕು. ಮಾದರಿಯ ಸ್ಕ್ರಾಚ್ ಮಹಿಳೆಯ ಮೊದಲ ಹೊಡೆತ 210 ಗಜ, ಬೋಗಿ ಮಹಿಳೆಯದು 150. ಗಂಡಸರ ಅಂಕೆಯಲ್ಲೇ ಅವರನ್ನೂ ಆಡಿಸುವುದು ಅನ್ಯಾಯ. ಆಟ ಶುರುಮಾಡುವ ಪ್ರತಿಯೊಂದು ಟೀಗೂ ಪ್ರತ್ಯೇಕ ಅಂಕೆ ಇರುತ್ತದೆ ಎಂಬುದೂ ನೆನಪಿರಲಿ.

ಇಷ್ಟೆಲ್ಲ ಇದ್ದೂ ಪದ್ಧತಿ ಪರಿಪೂರ್ಣವಲ್ಲ. ಹ್ಯಾಂಡಿಕ್ಯಾಪ್ 20ರ ಇಬ್ಬರಲ್ಲಿ ಒಬ್ಬರು ಗಿಡ್ಡವಾಗಿ ನೇರ ಹೊಡೆಯುವವರು, ಇನ್ನೊಬ್ಬರು ದೂರ ಹೊಡೆದು ಕಾಡಿಗೆ ಕಳಿಸುವವರು. ಇಕ್ಕಟ್ಟಾದ ಮೈದಾನ ಮೊದಲನೆಯವರಿಗೆ ಅನುಕೂಲ. 170 ಗಜ ನೀರು ದಾಟಲೇಬೇಕಾದ ಮೈದಾನ ಎರಡನೆಯವರಿಗೆ. ಸ್ಲೋಪ್ ಇಬ್ಬರನ್ನೂ ಒಂದೇ ಅಚ್ಚಿನಲ್ಲಿ ಹಾಕುತ್ತದೆ. ಇನ್ನು ನಮ್ಮ ಮುಂಗಾರು. ರೇಟಿಂಗ್ ಮಾಡುವುದು ಆಟದ ಹಂಗಾಮಿನ ಸಾಮಾನ್ಯ ಸ್ಥಿತಿಗೆ. ಜುಲೈಯಲ್ಲಿ ಚೆಂಡು ಬಿದ್ದಲ್ಲೇ ಹೂತುಕೊಳ್ಳುತ್ತದೆ. ಉರುಳುವುದನ್ನೇ ನಂಬಿದವರ ಪಾಡು ಹೇಳತೀರದು. ಅಂದಂದಿನ ಅಂಕಗಳನ್ನು ನೋಡಿ 1ರಷ್ಟು ಇಳಿಸುವ ಅಥವಾ 3ರವರೆಗೆ ಏರಿಸುವ ದಿನದ ತಿದ್ದುಪಡಿಯೊಂದು ಈಗ ಇದೆ. ಆದರೆ ಅದಕ್ಕೆ ಆ ದಿನ ಕನಿಷ್ಠ ಎಂಟು ಮಂದಿಯ ಅಂಕ ಬೇಕು. ನಮ್ಮ ಮಳೆಯಲ್ಲಿ ಎಂಟು ಮಂದಿಯನ್ನು ಸೇರಿಸುವುದೇ ಒಂದು ಸಾಹಸ.

ಜಗತ್ತಿನಲ್ಲಿ ಆರು ಬೇರೆ ಬೇರೆ ಹ್ಯಾಂಡಿಕ್ಯಾಪ್ ಪದ್ಧತಿಗಳಿದ್ದವು. ಅವನ್ನೆಲ್ಲ ಒಂದುಗೂಡಿಸಿ 2020ರ ಜನವರಿಯಿಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ಜಾರಿಗೆ ಬಂತು. ಮೊದಲಿಗೇ ಸೇರಿದ ದೇಶಗಳಲ್ಲಿ ಭಾರತವೂ ಒಂದು. ಗರಿಷ್ಠ ಇಂಡೆಕ್ಸ್ 54.0 ಎಂದಾದ್ದರಿಂದ ಹೊಸಬರಿಗೂ ಬಾಗಿಲು ತೆರೆದಿದೆ. ಸಣ್ಣ ಕ್ಲಬ್ಬುಗಳಿಗೆ ಇನ್ನೂ ಮುಖ್ಯವಾದದ್ದು 2024ರ ತಿದ್ದುಪಡಿ. ಹದಿನೆಂಟು ಕುಳಿಗೆ 1,500 ಗಜ, ಒಂಬತ್ತಕ್ಕೆ 750 ಗಜದಷ್ಟು ಚಿಕ್ಕ ಮೈದಾನಕ್ಕೂ ಈಗ ರೇಟಿಂಗ್ ಪಡೆಯಬಹುದು. ಒಂಬತ್ತು ಕುಳಿ ಆಡಿದ ಅಂಕವೂ ಆ ದಿನವೇ ಲೆಕ್ಕಕ್ಕೆ ಸೇರುತ್ತದೆ. ಇನ್ನೊಂದು ಒಂಬತ್ತಕ್ಕೆ ಕಾಯಬೇಕಿಲ್ಲ.

ಅಂತರ ಕ್ಲಬ್ ಪಂದ್ಯ ನಡೆಸುವ ಸದಸ್ಯರಿಗೆ ನಮ್ಮ ಸೂಚನೆ ಇಷ್ಟೆ. ಪ್ರವೇಶ ಪತ್ರದಲ್ಲಿ 'ಹ್ಯಾಂಡಿಕ್ಯಾಪ್' ಎಂದು ಒಂದು ಖಾಲಿ ಜಾಗ ಬಿಟ್ಟರೆ ಒಬ್ಬರು ಇಂಡೆಕ್ಸ್ ಬರೆಯುತ್ತಾರೆ, ಇನ್ನೊಬ್ಬರು ಮನೆಯ ಮೈದಾನದ ಹೊಡೆತ ಬರೆಯುತ್ತಾರೆ. ಗೊಂದಲದ ಮೂಲವೇ ಅದು. ದಶಾಂಶ ಸಹಿತ ಇಂಡೆಕ್ಸನ್ನೇ ಕೇಳಿ. ಆಡುವ ಟೀಯ ರೇಟಿಂಗ್ ಮತ್ತು ಸ್ಲೋಪನ್ನು ಫಲಕದಲ್ಲಿ ಬರೆದು, ಪಕ್ಕದಲ್ಲಿ ಯಾವ ಇಂಡೆಕ್ಸಿಗೆ ಎಷ್ಟು ಹೊಡೆತ ಎಂಬ ಪಟ್ಟಿ ತೂಗುಹಾಕಿ. ರೇಟಿಂಗ್ ಆಗದ ಮೈದಾನದವರಾದರೆ ಇಂಡಿಯನ್ ಗಾಲ್ಫ್ ಯೂನಿಯನ್ನಿಗೆ ಬರೆದು ತಂಡವನ್ನು ಕರೆಸಿಕೊಳ್ಳುವುದು ಒಳ್ಳೆಯದು. ಅವರು ಬರುವ ತನಕ, ಹೊರಗಿನವರ ಹ್ಯಾಂಡಿಕ್ಯಾಪ್ ಬಗ್ಗೆ ಅನುಮಾನ ಬಂದರೆ, ಅವರ ಕ್ಯಾಡಿಯನ್ನು ಕೇಳಿ ನೋಡಬಹುದು. ಅವನಿಗೆ ಗೊತ್ತಿರುತ್ತದೆ.